‘ಏ ಖೋಡಿ’ ಅಂದ್ರೆ ಏನು? ಆ ಮಾತು ಬಂದದ್ದಾದರೂ ಎಲ್ಲಿಂದ?

ಪಂಚಮಿ ಹಬ್ಬ ಬಂತೆಂದರೆ ನಮ್ಮ ಅಡುಗೆಮನೆಯಲ್ಲಿ ಉಂಡಿ ಡಬ್ಬಿಗಳು ಸಾಲಾಗಿ ಕೂಡುತ್ತಿದ್ದವು. ಶೇಂಗಾ ಉಂಡಿ, ಬೇಸನ್ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ. ನಾಗಪ್ಪನಿಗೆ ಹಾಲೆರೆದು ಬರುವ ತನಕ ಅವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ನನಗಾಗ ಎಂಟು ವರ್ಷ. ತಡೆಯಲಾಗಲಿಲ್ಲ. ಶೇಂಗಾ ಉಂಡಿ ಡಬ್ಬಿಯ ಕೆಳಗಿನ ಸಾಲಿನಿಂದ ಮೂರು ತೆಗೆದು, ಮೇಲಿನ ಸಾಲನ್ನು ಮೊದಲಿನ ಹಾಗೇ ಜೋಡಿಸಿಟ್ಟು ಬಂದೆ. ಮರುದಿನ ಆಯಿ, ಅಂದರೆ ನಮ್ಮ ಅಜ್ಜಿ, ಮುಚ್ಚಳ ತೆಗೆದಳು. ಮೇಲಿನ ಉಂಡಿಯೊಂದು ಕೆಳಗೆ ಕುಸಿದು ಕೂತಿತ್ತು. ಅದನ್ನೇ ಒಂದು ಗಳಿಗೆ ನೋಡಿ, ನಮ್ಮವ್ವನನ್ನು ಕರೆದು ಹೇಳಿದಳು: ‘ಖೋಡಿ ನೋಡವಾ ಇದು! ಮ್ಯಾಲಿನ ಸಾಲು ಮುಟ್ಟೇ ಇಲ್ಲ, ತೆಳಗಿಂದು ಖಾಲಿ ಮಾಡೇತಿ.’ ಹೇಳುತ್ತಲೇ ನಕ್ಕಳು. ನಕ್ಕು ನಾಲ್ಕನೆಯ ಉಂಡಿಯನ್ನು ತಾನೇ ಕೈಗಿಟ್ಟಳು.

ಅದೇ ವಾರ ನಮ್ಮ ಓಣಿಯಲ್ಲಿ ಒಂದು ಜಗಳ ನಡೆಯಿತು. ಸಾಲ ಇಸಕೊಂಡು ತಲೆ ತಪ್ಪಿಸಿಕೊಂಡಿದ್ದ ಒಬ್ಬನ ಬಗ್ಗೆ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ‘ಅವನ ಖೋಡಿತನ ಊರಿಗೇ ಗೊತ್ತೈತಿ ಬಿಡ್ರಿ’ ಅಂದರು. ಅಲ್ಲಿ ಯಾರೂ ನಗಲಿಲ್ಲ.

ಒಂದೇ ಮಾತು. ಒಂದು ಕಡೆ ಉಂಡಿ ಕೊಡಿಸಿತು, ಇನ್ನೊಂದು ಕಡೆ ಮನುಷ್ಯನ ಮಾನ ಕಳೆಯಿತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಯಾವ ಖೋಡಿ ಮುದ್ದು, ಯಾವ ಖೋಡಿ ಬೈಗುಳ ಅಂತ ದನಿ ಕೇಳಿಯೇ ಗೊತ್ತಾಗುತ್ತದೆ. ಆದರೆ ಹೊರಗಿನವರಿಗೆ ವಿವರಿಸಲು ಹೋದಾಗ ಕಷ್ಟ. ಮೈಸೂರು ಕಡೆಯ ಗೆಳೆಯನೊಬ್ಬ ನಮ್ಮ ಮನೆಗೆ ಬಂದಿದ್ದಾಗ ಆಯಿ ಅವನಿಗೂ ಪ್ರೀತಿಯಿಂದ ‘ನೀನೂ ಭಾಳ ಖೋಡಿ ಅದೀಪಾ’ ಅಂದಳು. ಅವನಿಗೆ ಕೇಳಿಸಿದ್ದು ‘ಕೇಡಿ’. ಊಟ ಮುಗಿಯುವ ತನಕ ಅವನ ಮುಖ ಸಪ್ಪಗಿತ್ತು. ಆವತ್ತಿನಿಂದ ಈ ಮಾತಿನ ಬೆನ್ನು ಹತ್ತಿದ್ದೇನೆ.

ಮೊದಲು ಅರ್ಥ ನೋಡೋಣ. ಖೋಡಿ ಅಂದರೆ ತುಂಟ ಅಂತ ಸುಲಭವಾಗಿ ಹೇಳಿಬಿಡಬಹುದು, ಆದರೆ ಅದು ಪೂರ್ತಿ ಸರಿಯಲ್ಲ. ಮಗು ಹಾಲಿನ ಲೋಟ ಕೆಡವಿದರೆ ಅದು ತುಂಟ. ಲೋಟ ಕೆಡವಿ ಬೆಕ್ಕಿನ ಕಡೆ ಬೆರಳು ತೋರಿಸಿದರೆ ಖೋಡಿ. ಅಂದರೆ ಖೋಡಿತನಕ್ಕೆ ತಲೆ ಬೇಕು. ಒಂದು ಚೂರು ಲೆಕ್ಕಾಚಾರ ಬೇಕು. ಸಿಕ್ಕಿಬಿದ್ದಾಗ ಏನೂ ಆಗೇ ಇಲ್ಲ ಅನ್ನುವ ಮುಖ ಬೇಕು. ಆಯಿಯನ್ನು ನಗಿಸಿದ್ದು ನಾನು ಉಂಡಿ ತಿಂದದ್ದಲ್ಲ, ಮೇಲಿನ ಸಾಲು ಜೋಡಿಸಿಟ್ಟದ್ದು.

ನಮ್ಮ ಕಡೆ ಇದರ ಅಕ್ಕಪಕ್ಕ ಬೇರೆ ಮಾತುಗಳೂ ಇವೆ. ಅವುಗಳ ನಡುವೆ ಇಟ್ಟು ನೋಡಿದರೆ ಖೋಡಿಯ ಜಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಉಡಾಳ ಅಂದರೆ ಕೆಲಸಬೊಗಸೆ ಇಲ್ಲದೆ ತಿರುಗುವವನು. ಅವನಿಗೆ ಬುದ್ಧಿ ಇದ್ದರೂ ಇರಬಹುದು, ಇಲ್ಲದಿದ್ದರೂ ನಡೆಯುತ್ತದೆ. ಖಬರ್‌ಗೇಡಿ ಅಂದರೆ ಮೈಮೇಲೆ ಖಬರಿಲ್ಲದವನು, ಗಿರಣಿಗೆ ಹೋಗು ಅಂದರೆ ಹಿಟ್ಟಿನ ಡಬ್ಬಿಯನ್ನು ಅಲ್ಲೇ ಮರೆತು ಬರುವವನು. ಅವನು ಖೋಡಿಗೆ ಪೂರಾ ಉಲ್ಟಾ. ಖೋಡಿಗೆ ಎಲ್ಲದರ ಖಬರೂ ಇರುತ್ತದೆ. ಮಂಗ್ಯಾ ಅನ್ನುವುದು ಕೋತಿಚೇಷ್ಟೆಯವನಿಗೆ, ಅದರಲ್ಲಿ ಮುಚ್ಚುಮರೆ ಇಲ್ಲ. ಹಲ್ಕಟ್ ಅನ್ನುವುದು ನೀಚನಿಗೆ, ಅದರಲ್ಲಿ ಮುದ್ದಿಗೆ ಜಾಗ ತೀರಾ ಕಡಿಮೆ. ಇವುಗಳ ಪೈಕಿ ಮೆಚ್ಚುಗೆಯನ್ನೂ ದೂರನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಮಾತು ಖೋಡಿ ಒಂದೇ ಅಂತ ನನಗನಿಸುತ್ತದೆ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಗಿರ್ಮಿಟ್ ತಿನ್ನುತ್ತಾ ನಿಂತರೆ ಈ ಮಾತಿನ ಒಳ್ಳೆಯ ರೂಪ ಕಿವಿಗೆ ಬೀಳುತ್ತದೆ. ಒಮ್ಮೆ ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಇಬ್ಬರು ನಿಂತಿದ್ದರು. ಬಹಳ ವರ್ಷಗಳ ಮೇಲೆ ಸಿಕ್ಕ ಶಾಲೆಯ ಗೆಳೆಯರು ಅಂತ ಮಾತಿನಿಂದ ಗೊತ್ತಾಗುತ್ತಿತ್ತು. ಒಬ್ಬರು ರೊಕ್ಕ ಕೊಡಲು ಕಿಸೆಗೆ ಕೈ ಹಾಕಿದರು. ಅಷ್ಟರಲ್ಲಿ ಇನ್ನೊಬ್ಬರು ಅವರ ಪ್ಲೇಟಿನಲ್ಲಿದ್ದ ಕೊನೆಯ ಮಿರ್ಚಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಮೊದಲನೆಯವರು ತಿರುಗಿ ಖಾಲಿ ಪ್ಲೇಟು ನೋಡಿದರು. ಆಮೇಲೆ ಗೆಳೆಯನ ಮುಖ ನೋಡಿದರು. ‘ಇನ್ನೂ ಹಂಗ ಅದಿ ನೋಡಲೇ ಖೋಡಿ’ ಅಂದರು. ಹೆಗಲ ಮೇಲೆ ಕೈ ಹಾಕಿದರು. ಐವತ್ತು ವರ್ಷದ ಗೆಳೆತನವನ್ನು ಇದಕ್ಕಿಂತ ಚಂದವಾಗಿ ಹೇಳುವ ಮಾತು ನನಗೆ ಗೊತ್ತಿಲ್ಲ.

ಹಾಗಂತ ಯಾರಿಗೆ ಬೇಕಾದರೂ ಅನ್ನುವ ಹಾಗಿಲ್ಲ. ಹಿರಿಯರು ಕಿರಿಯರಿಗೆ ಅನ್ನಬಹುದು, ಸಮವಯಸ್ಸಿನವರು ಒಬ್ಬರಿಗೊಬ್ಬರು ಅನ್ನಬಹುದು. ಕಾಕಾನಿಗೋ ಮಾವನಿಗೋ ಎದುರಿಗೆ ನಿಂತು ಅನ್ನುವಂತಿಲ್ಲ. ನಮ್ಮ ಕಡೆ ಮಾತಿಗೊಂದು ‘ರೀ’ ಬೀಳುತ್ತದೆ, ಆದರೆ ‘ಏನ್ರೀ ಖೋಡಿ’ ಅಂತ ಯಾರೂ ಕರೆಯುವುದಿಲ್ಲ. ಇದಕ್ಕೊಂದು ಸಣ್ಣ ಸಂದಿ ಉಂಟು. ಎದುರಿಗೆ ಅನ್ನಲಾಗದ್ದನ್ನು ಮೂರನೆಯವರ ಮುಂದೆ ಅನ್ನಬಹುದು. ಮದುವೆಯಾಗಿ ಮೂವತ್ತು ವರ್ಷ ಕಳೆದ ಹೆಂಗಸು ಗಂಡನ ಎದುರೇ ಬೀಗರಿಗೆ ‘ಇವರೇನು ಕಡಿಮಿ ಖೋಡಿ ಅಲ್ಲ ಬಿಡ್ರಿ’ ಅನ್ನುತ್ತಾಳೆ. ‘ಇವರು’ ಅನ್ನುವಲ್ಲಿ ಮರ್ಯಾದೆ ಉಳಿಯಿತು, ಹೇಳಬೇಕಾದ್ದನ್ನೂ ಹೇಳಿ ಆಯಿತು.

ಇನ್ನೊಂದು ಗುಣ ನನಗೆ ಬಹಳ ಇಷ್ಟ. ಮಂಗ್ಯಾ ಅಂದರೆ ಗಂಡಸು, ಹುಡುಗಿಗೆ ಹಾಗೆ ಅನ್ನಲು ಬರುವುದಿಲ್ಲ. ಖೋಡಿಗೆ ಆ ತೊಂದರೆ ಇಲ್ಲ. ಖೋಡಿ ಅದಾನ, ಖೋಡಿ ಅದಾಳ, ಕೂಸಿಗಾದರೆ ಖೋಡಿ ಐತಿ. ಮೂರಕ್ಕೂ ಒಂದೇ ರೂಪ. ವಿಶೇಷಣವಾಗಿಯೂ ಹಾಗೇ ನಿಲ್ಲುತ್ತದೆ: ಖೋಡಿ ಬುದ್ಧಿ, ಖೋಡಿ ಹುಡುಗ. ‘ತನ’ ಸೇರಿಸಿದರೆ ಖೋಡಿತನ. ಹೀಗೆ ಎಲ್ಲ ಕಡೆಯೂ ಸಲೀಸಾಗಿ ಹೊಂದಿಕೊಂಡ ಮಾತು ಹೊರಗಿನದು ಅಂದರೆ ನಂಬಲು ಕಷ್ಟ, ಅಲ್ವಾ?

ಅಲ್ಲಿಂದಲೇ ಮೂಲದ ಪ್ರಶ್ನೆ ಶುರುವಾಗುತ್ತದೆ. ಈ ಬಗ್ಗೆ ಕೇಳಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಜಾಸ್ತಿ ಜನ ಹೇಳುವುದು, ಕೇಡಿಯೇ ನಮ್ಮ ಬಾಯಲ್ಲಿ ಖೋಡಿ ಆಯಿತು ಅಂತ. ಕೇಳಲು ಚೆನ್ನಾಗಿದೆ. ಕೇಡಿ ಅಚ್ಚ ಕನ್ನಡದ ಮಾತು. ಕೆಡು ಎಂಬ ಧಾತುವಿನಿಂದ ಕೇಡು, ಕೇಡಿನಿಂದ ಕೇಡಿ. (ಪೊಲೀಸರು ರೌಡಿಗಳಿಗೆ ಇಟ್ಟ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಕೆ.ಡಿ.’ ಆಯಿತು ಅನ್ನುವ ಕತೆಯೂ ಓಡಾಡುತ್ತದೆ. ಕನ್ನಡದ ಕೇಡು ಪೊಲೀಸ್ ಠಾಣೆಗಳಿಗಿಂತ ನೂರಾರು ವರ್ಷ ಹಳೆಯದು.) ಆದರೆ ಕೇಡಿ ಖೋಡಿ ಆಗಬೇಕಾದರೆ ‘ಏ’ ಹೋಗಿ ‘ಓ’ ಬರಬೇಕು. ಹಾಗೆ ಬದಲಾಗುವುದು ನಮ್ಮ ಬಾಯಿಯ ರೂಢಿಯಾಗಿದ್ದರೆ ಬೇರೆ ಕಡೆಯೂ ಆಗಬೇಕಿತ್ತು. ಇದೇ ಕೇಡಿ ಬೇರೆ ಮಾತುಗಳ ಬಾಲಕ್ಕೆ ಗೇಡಿ ಆಗಿ ಅಂಟಿಕೊಂಡಿದೆ: ನಾಚಿಕೆಗೇಡಿ, ಮಾನಗೇಡಿ, ತಿಳಿಗೇಡಿ, ನಮ್ಮ ಖಬರ್‌ಗೇಡಿ. ಇವನ್ನೆಲ್ಲ ನಾವು ದಿನಾ ಆಡುತ್ತೇವೆ. ನಾಚಿಕೆಗೋಡಿ ಅಂತ ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಹಾಗಾಗಿ ಈ ವಾದವನ್ನು ಬಿಟ್ಟುಕೊಡಬೇಕಾಗುತ್ತದೆ. ಕೇಡಿ, ಖೋಡಿ ಎರಡೂ ಅರ್ಥದಲ್ಲಿ ಹತ್ತಿರ ಬಂದದ್ದರಿಂದ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಿರಬಹುದು, ಅಷ್ಟೇ.

ಇನ್ನು ಕೆಲವರು ಕೋಡು, ಕೋಡಿ ಅನ್ನುತ್ತಾರೆ. ‘ನಿನಗೇನು ಕೋಡು ಬಂದಾವೇನು’ ಅಂತ ಬೈಯುವುದಿದೆ, ಕೋಡು ಮೂಡಿದವನೇ ಖೋಡಿ ಅನ್ನುವುದು ಒಂದು ಲೆಕ್ಕ. ಕೆರೆ ತುಂಬಿ ಹೆಚ್ಚಿನ ನೀರು ಹರಿದು ಹೋಗುವ ಜಾಗ ಕೋಡಿ, ಹಾಗೇ ಮಿತಿ ಮೀರಿ ಹರಿಯುವವನು ಖೋಡಿ ಅನ್ನುವುದು ಇನ್ನೊಂದು. ಎರಡೂ ಚಂದದ ಕಲ್ಪನೆಗಳು. ಆದರೆ ಎರಡಕ್ಕೂ ಅಡ್ಡ ಬರುವುದು ಆ ಮೊದಲ ಅಕ್ಷರ, ಖ.

ಕನ್ನಡದ ತನ್ನದೇ ಮಾತುಗಳಲ್ಲಿ ಮಹಾಪ್ರಾಣ ಬಹಳ ಅಪರೂಪ. ಭೋರ್ಗರೆ, ಝಳಝಳ ಇಂಥ ಸದ್ದಿನ ಮಾತುಗಳನ್ನು ಬಿಟ್ಟರೆ ಉಳಿದ ಕಡೆ ಕಾಣುವುದು ಕಡಿಮೆ. ಯಾವ ಕನ್ನಡ ನಿಘಂಟಿನಲ್ಲಾದರೂ ‘ಖ’ ಇರುವ ಪುಟಗಳನ್ನು ತೆರೆದು ನೋಡಿ. ಖರ್ಚು, ಖಾತೆ, ಖಾಲಿ, ಖುಷಿ, ಖಬರು, ಖರೆ. ಹೆಚ್ಚಿನವು ಪಾರಸಿ, ಅರಬ್ಬಿ, ಮರಾಠಿ, ಹಿಂದಿ, ಸಂಸ್ಕೃತದ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವು. ಹಾಗಂತ ‘ಖ’ ಇದ್ದ ಮಾತ್ರಕ್ಕೆ ಹೊರಗಿನದು ಅಂತ ತೀರ್ಪು ಕೊಡುವ ಹಾಗೂ ಇಲ್ಲ. ನಮ್ಮ ಕಡೆ ಹುರುಪು ಬಂದಾಗ ಚಲೋ ಕೂಡ ‘ಛೊಲೊ’ ಆಗಿಬಿಡುತ್ತದೆ. ಆದ್ದರಿಂದ ಬೇರೆ ಸಾಕ್ಷಿ ಬೇಕು. ಆ ಸಾಕ್ಷಿಗೆ ಬಹಳ ದೂರ ಹೋಗಬೇಕಿಲ್ಲ.

ಮರಾಠಿಯಲ್ಲಿ ಖೋಡ ಅಂದರೆ ಕೆಟ್ಟ ಚಟ. ಒದೆಯುವ ಎಮ್ಮೆಗಿರುವ ಚಟವೂ ಖೋಡ, ಉಗುರು ಕಚ್ಚುವ ಹುಡುಗನ ಚಟವೂ ಖೋಡ. ಖೋಡಿ ಅಂದರೆ ಚೇಷ್ಟೆ, ಕಿತಾಪತಿ. ಖೋಡಕರ ಅಂದರೆ ಚೇಷ್ಟೆಯ ಹುಡುಗ. ‘ಖೋಡಿ ಕಾಢಣೆ’ ಅಂದರೆ ಸುಮ್ನೆ ಇದ್ದವರನ್ನು ಕೆಣಕುವುದು. ಅವರಲ್ಲೊಂದು ಹೆಸರಾದ ಗಾದೆ ಇದೆ: ‘ಜಿತ್ಯಾಚೀ ಖೋಡ ಮೇಲ್ಯಾಶಿವಾಯ ಜಾತ ನಾಹೀ’. ಬದುಕಿರುವವನ ಚಟ ಸತ್ತ ಹೊರತು ಹೋಗುವುದಿಲ್ಲ ಅಂತ. ನಾವು ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವಲ್ಲ, ಅದೇ. 1857ರಲ್ಲಿ ಬಂದ ಮೋಲ್ಸ್‌ವರ್ತ್‌ನ ಮರಾಠಿ ನಿಘಂಟಿನಲ್ಲೂ ಖೋಡ ಅಂದರೆ ಕೆಟ್ಟ ಚಾಳಿ ಎಂಬ ಅರ್ಥವೇ ಇದೆ.

ಇಷ್ಟು ಕೇಳಿದ ಮೇಲೆ ನಮ್ಮ ಕಡೆಯ ಯಾರಾದರೂ ಥಟ್ಟನೆ ಹೇಳುವುದು ಒಂದೇ: ‘ಹಂಗಾರ ಮುಂಬೈ ಸರಕಾರ ಇದ್ದಾಗ ಬಂದಿರಬೇಕು.’ ಅದಕ್ಕೆ ಕಾರಣವೂ ಇದೆ. ಈ ನಾಡು ಪೇಶ್ವೆಗಳ ಕೈಯಲ್ಲಿತ್ತು. 1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದ ಮೇಲೆ ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತು. 1956ರ ತನಕ ಅಲ್ಲೇ ಇತ್ತು. ಗದಗ, ಹಾವೇರಿ ಆಗ ಧಾರವಾಡ ಜಿಲ್ಲೆಯ ಒಳಗೇ ಇದ್ದವು, ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯದೇ ಜೋರು. ಆ ಜೋರಿನ ನಡುವೆ ಕನ್ನಡಕ್ಕೆ ಜಾಗ ಮಾಡಿಕೊಡಲು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಷ್ಟು ದಿನ ಜೊತೆಗಿದ್ದ ನುಡಿಯಿಂದ ಮಾತುಗಳು ಬಾರದೆ ಇರುತ್ತವೆಯೇ? ಬಂದವು. ಖರೆ, ಬರೋಬರಿ, ಸಾವಕಾಶ, ಭಾಂಡಿ. ನಾನು ಅಜ್ಜಿಗೆ ಕರೆಯುವ ‘ಆಯಿ’ ಕೂಡ ಮರಾಠಿಯಲ್ಲಿ ತಾಯಿ. ಖೋಡಿಯೂ ಇದೇ ಗಾಡಿಯಲ್ಲಿ ಬಂದಿಳಿದಿರಬೇಕು ಅಂತ ಬಹಳ ದಿನ ನಾನೂ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಿಸಿದ್ದು ಗದಗ.

ಗದುಗಿನ ಭಾರತ ಬರೆದ ಕುಮಾರವ್ಯಾಸ ನಮ್ಮ ಹುಬ್ಬಳ್ಳಿ ಸಮೀಪದ ಕೋಳಿವಾಡದವನು. ಗದಗಿನ ವೀರನಾರಾಯಣ ಗುಡಿಯಲ್ಲಿ ಕಂಬಕ್ಕೆ ಒರಗಿ ಕೂತು ಬರೆದ ಅಂತ ಹೇಳುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲೇ ಕೂಡುತ್ತಿದ್ದ, ಬಟ್ಟೆ ಆರುವ ತನಕ ಮಾತ್ರ ಕಾವ್ಯ ಹರಿಯುತ್ತಿತ್ತು ಅನ್ನುವ ಕತೆಯನ್ನು ಆ ಕಂಬದ ಎದುರು ನಿಂತು ಕೇಳಿದವರು ಬಹಳ ಜನ ಇದ್ದಾರೆ. ಅವನ ಕಾಲ 15ನೇ ಶತಮಾನ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅಂಥ ಕುಮಾರವ್ಯಾಸನ ಕಾವ್ಯದಲ್ಲಿ ‘ಖೋಡಿ’ ಇದೆ.

ಮೊದಲ ಸಲ ಆ ಮಾತು ಕಣ್ಣಿಗೆ ಬಿದ್ದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ದುರ್ಗದಬೈಲಿನ ಮಾತು ವೀರನಾರಾಯಣನ ಗುಡಿಯಲ್ಲಿ! ಶಿವಾಜಿ ಹುಟ್ಟಿದ್ದು 1630ರಲ್ಲಿ. ಪೇಶ್ವೆಗಳು ಬಂದದ್ದು ಅದಕ್ಕೂ ಆಮೇಲೆ. ಮುಂಬೈ ಸರಕಾರವಂತೂ ಇನ್ನೂ ಈಚಿನದು. ಅವರೆಲ್ಲರಿಗಿಂತ ಮುಂಚೆ ನಮ್ಮ ಕವಿಯ ಬಾಯಲ್ಲಿ ಈ ಮಾತು ಆಡುತ್ತಿತ್ತು. ಹಾಗಾದರೆ ಮುಂಬೈ ಗಾಡಿಯ ಲೆಕ್ಕ ಪೂರ್ತಿ ಸರಿಯಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಅದನ್ನು ಬಿಡುವ ಹಾಗಿಲ್ಲ. ಹಳೆಯ ಕಾವ್ಯದ ಖೋಡಿಗೂ ನಮ್ಮ ಆಯಿಯ ಖೋಡಿಗೂ ಅರ್ಥ ಒಂದೇ ಅಲ್ಲ. ಅಲ್ಲಿ ಖೋಡಿ ಅಂದರೆ ಕುಂದು, ಕೊರತೆ, ದೋಷ, ಕೆಟ್ಟತನ. ಅಂದರೆ ಮನುಷ್ಯನಲ್ಲಿರುವ ಒಂದು ಗುಣ. ‘ಖೋಡಿಗಳೆ’ ಎಂಬ ಕ್ರಿಯಾಪದವೂ ಹಳಗನ್ನಡ-ನಡುಗನ್ನಡದ ನಿಘಂಟುಗಳಲ್ಲಿ ಸಿಗುತ್ತದೆ. ಹಾಗಂದರೆ ಕುಂದು ಎತ್ತಿ ಆಡುವುದು, ಹೀಗಳೆಯುವುದು. ಉಂಡಿ ಕದಿಯುವ ಹುಡುಗನ ನಗೆ ಅದರಲ್ಲಿಲ್ಲ.

ಈ ಕುಂದು, ಕೊರತೆ ಎಂಬ ಅರ್ಥವನ್ನು ಹಿಡಿದುಕೊಂಡು ಇನ್ನೂ ಹಿಂದಕ್ಕೆ ನಡೆಯಬಹುದು. ಗುಜರಾತಿಯಲ್ಲೂ ಖೋಡ ಇದೆ, ಅಲ್ಲಿಯೂ ಅದಕ್ಕೆ ಊನ, ದೋಷ ಎಂಬ ಅರ್ಥ. ಸೌರಾಷ್ಟ್ರದ ಕಡೆ ಬಹಳ ಜನ ನಡೆದುಕೊಳ್ಳುವ ಖೋಡಿಯಾರ್ ಮಾತೆಯ ಹೆಸರಿನ ಹಿಂದೆ ಒಂದು ಕತೆ ಇದೆ. ಅವಳ ಮೊದಲ ಹೆಸರು ಜಾನಬಾಯಿ. ತಮ್ಮನಿಗೆ ಹಾವು ಕಚ್ಚಿದಾಗ ಪಾತಾಳಕ್ಕೆ ಹೋಗಿ ಅಮೃತ ತರುತ್ತಾಳೆ. ಬರುವಾಗ ಕಾಲಿಗೆ ಪೆಟ್ಟಾಗಿ ಕುಂಟುತ್ತಾಳೆ. ಆಗ ಅಕ್ಕತಂಗಿಯರು ‘ಖೋಡಿ ಆದೆಯಾ’ ಅಂದರಂತೆ, ಅಂದರೆ ಕುಂಟಿಯಾದೆಯಾ ಅಂತ. ಅದೇ ಹೆಸರಾಗಿ ಉಳಿಯಿತು. ಸಂಸ್ಕೃತ ನಿಘಂಟುಗಳಲ್ಲೂ ‘ಖೋಡ’ ಅಂದರೆ ಕುಂಟ. ನಡಿಗೆಯ ಊನ ನಡತೆಯ ಊನವಾಗುವುದು ಎಷ್ಟು ಸಹಜ ನೋಡಿ. ನಾವೇ ಕನ್ನಡದಲ್ಲಿ ಸುಳ್ಳು ಸಬೂಬಿಗೆ ‘ಕುಂಟುನೆಪ’ ಅನ್ನುತ್ತೇವೆ. ನೆಪಕ್ಕೆ ಕಾಲಿದೆಯೇ, ಕುಂಟಲು? ನೆಟ್ಟಗೆ ನಡೆಯದ್ದು ಅನ್ನುವುದೇ ಅಲ್ಲಿರುವ ಭಾವ. ಖೋಡಿಯ ದಾರಿಯೂ ಹಾಗೇ ಇದ್ದಿರಬೇಕು: ಕುಂಟ, ಆಮೇಲೆ ಊನ, ಆಮೇಲೆ ದೋಷ, ಆಮೇಲೆ ಕೆಟ್ಟ ಚಟ, ಕೊನೆಗೆ ಕಿತಾಪತಿ.

ಇದರ ಪಕ್ಕದಲ್ಲೇ ಖೋಟ ಎಂಬ ಇನ್ನೊಂದು ಮಾತಿನ ಬಳಗ ನಿಂತಿದೆ. ಹಿಂದಿಯ ಖೋಟ ಅಂದರೂ ದೋಷ, ಕಲಬೆರಕೆ. ಅಲ್ಲಿಂದಲೇ ನಮ್ಮ ಖೋಟಾ ನೋಟು. ನಮ್ಮ ಕಡೆ ‘ಖೊಟ್ಟಿ’ ಅಂತಲೂ ಇದೆ: ಖೊಟ್ಟಿ ಕಾಗದಪತ್ರ, ಖೊಟ್ಟಿ ಮನುಷ್ಯ. ಡ ಮತ್ತು ಟ ಬಾಯಲ್ಲಿ ಹತ್ತಿರದ ಜಾಗದಲ್ಲೇ ಹುಟ್ಟುವ ಅಕ್ಷರಗಳು. ಖೋಡಿ, ಖೊಟ್ಟಿ ಒಂದೇ ಬೇರಿನವೋ, ಬೇರೆ ಬೇರೆ ಬೇರಿನವು ಒಂದೇ ಅಂಗಳಕ್ಕೆ ಬಂದು ಕೂತವೋ ಎಂಬ ಪ್ರಶ್ನೆ ಇನ್ನೂ ಬಾಗಿಲು ತೆರೆದೇ ಇದೆ. ಅರ್ಥದಲ್ಲಿ ಮಾತ್ರ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹೋಲಿಸಿ ನೋಡಿದರೆ ಖೊಟ್ಟಿಗೆ ಮುದ್ದಿನ ಭಾಗ್ಯ ಸಿಗಲಿಲ್ಲ. ಯಾವ ಅಜ್ಜಿಯೂ ಮೊಮ್ಮಗನಿಗೆ ‘ಏ ಖೊಟ್ಟಿ’ ಅನ್ನುವುದಿಲ್ಲ.

ಸಂಸ್ಕೃತ ನಿಘಂಟಿನಲ್ಲಿ ಸಿಕ್ಕಿತು, ಆದ್ದರಿಂದ ಮೂಲ ಸಂಸ್ಕೃತ, ಮುಗಿಯಿತು ಅನ್ನುವುದು ಸುಲಭ. ಅದು ಅಷ್ಟು ಸರಳ ಅಲ್ಲ. ಆಡುನುಡಿಯ ಎಷ್ಟೋ ಮಾತುಗಳನ್ನು ಸಂಸ್ಕೃತವೂ ಒಳಗೆ ಕರೆದುಕೊಂಡಿದೆ. ಕಿಟೆಲ್ ಸಾಹೇಬರು ಧಾರವಾಡಕ್ಕೆ ಬಂದು, ಇಲ್ಲಿಯ ಜನರ ಬಾಯಿಂದ ಮಾತು ಕೇಳಿಸಿಕೊಂಡು, ಕೊನೆಗೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟವರು. ಅವರು ಅದರ ಮುನ್ನುಡಿಯಲ್ಲೇ ಒಂದು ಉದ್ದನೆಯ ಪಟ್ಟಿ ಕೊಟ್ಟಿದ್ದಾರೆ. ಸಂಸ್ಕೃತವು ದ್ರಾವಿಡ ನುಡಿಗಳಿಂದ ತೆಗೆದುಕೊಂಡದ್ದು ಅಂತ ಅವರಿಗೆ ತೋರಿದ ಮಾತುಗಳ ಪಟ್ಟಿ ಅದು. ಸಾಲ ಕೊಟ್ಟವರು ಯಾರು, ಇಸಕೊಂಡವರು ಯಾರು ಅನ್ನುವುದನ್ನು ನಿಘಂಟಿನ ವಯಸ್ಸು ನೋಡಿ ತೀರ್ಮಾನಿಸಲು ಬರುವುದಿಲ್ಲ ಅನ್ನುವುದಕ್ಕೆ ಆ ಪಟ್ಟಿಯೇ ಸಾಕ್ಷಿ. ಖೋಡಿಯ ಮಟ್ಟಿಗೆ ಗುಜರಾತ್, ಮಹಾರಾಷ್ಟ್ರ, ಹಿಂದಿ ಸೀಮೆಯ ಉದ್ದಕ್ಕೂ ಅದರ ಬಳಗ ಹರಡಿರುವುದರಿಂದ ಉತ್ತರದ ಕಡೆಗೇ ತಕ್ಕಡಿ ವಾಲುತ್ತದೆ. ಅಷ್ಟನ್ನು ಧೈರ್ಯವಾಗಿ ಹೇಳಬಹುದು.

ಹಾಗಾದರೆ ಕುಮಾರವ್ಯಾಸನಿಗಿಂತ ಮುಂಚೆ ಅದು ಗದಗಿನ ತನಕ ಬಂದದ್ದು ಹೇಗೆ? ಗದಗಿನ ಸುತ್ತ ಒಂದು ಸುತ್ತು ಹಾಕಿದರೆ ಉತ್ತರದ ಸುಳಿವು ಸಿಗುತ್ತದೆ. 12ನೇ ಶತಮಾನದ ಕೊನೆಗೆ ದೇವಗಿರಿಯ ಸೇವುಣರೂ ಹೊಯ್ಸಳರೂ ಇದೇ ಲಕ್ಕುಂಡಿ, ಸೊರಟೂರಿನ ಬಯಲಿನಲ್ಲಿ ಕಾದಾಡಿದರು. ಸೇವುಣರ ಐದನೆಯ ಭಿಲ್ಲಮನೂ ಹೊಯ್ಸಳರ ಇಮ್ಮಡಿ ಬಲ್ಲಾಳನೂ ಗದಗಿನ ತ್ರಿಕೂಟೇಶ್ವರನಿಗೆ ದತ್ತಿ ಕೊಟ್ಟ ಶಾಸನಗಳಿವೆ. ದೇವಗಿರಿ ಇರುವುದು ಇಂದಿನ ಮಹಾರಾಷ್ಟ್ರದಲ್ಲಿ, ಆದರೂ ಸೇವುಣರ ನೂರಾರು ಶಾಸನಗಳು ಕನ್ನಡದಲ್ಲಿವೆ. ಎರಡು ನುಡಿಗಳ ನಡುವೆ ಆಗ ಗೋಡೆ ಇರಲಿಲ್ಲ. ದಂಡು ಬಂತು, ವ್ಯಾಪಾರದವರು ಬಂದರು, ಪಂಢರಪುರಕ್ಕೆ ಹೋಗಿ ಬರುವವರು ಓಡಾಡಿದರು. ಮಾತುಗಳೂ ಎರಡೂ ಕಡೆ ನಡೆದವು. ಮರಾಠಿಗರು ತುಪ್ಪಕ್ಕೆ ‘ತೂಪ’ ಅನ್ನುತ್ತಾರೆ, ಅಡಕೊತ್ತಿಗೆ ‘ಅಡಕಿತ್ತಾ’ ಅನ್ನುತ್ತಾರೆ. ಅಕ್ಕಾ, ಅಣ್ಣಾ ಅಂತ ಕರೆಯುತ್ತಾರೆ. ಅವೆಲ್ಲ ಇಲ್ಲಿಂದ ಅಲ್ಲಿಗೆ ಹೋದವು. ಅದೇ ದಾರಿಯಲ್ಲಿ ಖೋಡಿ ಇತ್ತ ಕಡೆ ಬಂದಿರಬೇಕು.

ಈಗ ನನ್ನ ಅನಿಸಿಕೆ ಹೇಳುತ್ತೇನೆ. ಖೋಡಿ ನಮ್ಮ ಮನೆಗೆ ಎರಡು ಸಲ ಬಂದಿದೆ. ಮೊದಲ ಸಲ ಕುಮಾರವ್ಯಾಸನಿಗಿಂತ ಮುಂಚೆ, ದೋಷ ಎಂಬ ಗಟ್ಟಿ ಅರ್ಥ ಹೊತ್ತುಕೊಂಡು ಬಂತು, ಕಾವ್ಯದಲ್ಲಿ ಕೂತಿತು. ಎರಡನೆಯ ಸಲ ಮರಾಠಿ ಆಡಳಿತದ ದಿನಗಳಲ್ಲಿ, ಚೇಷ್ಟೆ, ಕಿತಾಪತಿ ಎಂಬ ಹಗುರ ಅರ್ಥ ಹೊತ್ತು ಬಂತು, ಕಟ್ಟೆಯ ಮೇಲೆ ಕೂತಿತು. ಎರಡೂ ಕೂಡಿ ಒಂದಾದವು. ಅದಕ್ಕೇ ನಮ್ಮ ಖೋಡಿಗೆ ಇವತ್ತಿಗೂ ಎರಡು ತೂಕ. ಸಾಲ ತೀರಿಸದವನ ಖೋಡಿತನದಲ್ಲಿ ಕೇಳಿಸುವುದು ಕುಮಾರವ್ಯಾಸನ ಕಾಲದ ಕುಂದು. ಉಂಡಿ ಕದ್ದವನ ಖೋಡಿತನದಲ್ಲಿ ಕೇಳಿಸುವುದು ಮರಾಠಿಯ ಚೇಷ್ಟೆ. ಇದನ್ನು ಕಲ್ಲಿನ ಮೇಲೆ ಬರೆದು ತೋರಿಸಲು ಆಗುವುದಿಲ್ಲ, ಯಾಕೆಂದರೆ ಅಜ್ಜಿಯರು ಮೊಮ್ಮಕ್ಕಳಿಗೆ ಆಡಿದ ಮಾತನ್ನು ಯಾವ ಕಾಲದಲ್ಲೂ ಯಾರೂ ಶಾಸನ ಹಾಕಿಸಲಿಲ್ಲ. ಆದರೆ ಸಿಕ್ಕ ಸಾಕ್ಷಿಗಳನ್ನೆಲ್ಲ ಒಟ್ಟಿಗೆ ಇಟ್ಟಾಗ ಇದಕ್ಕಿಂತ ಚೆನ್ನಾಗಿ ಹೊಂದುವ ಲೆಕ್ಕ ನನಗೆ ಕಾಣುತ್ತಿಲ್ಲ.

ಒಂದು ಮಾತ್ರ ಮರಾಠಿಯಿಂದಲೂ ಬಂದದ್ದಲ್ಲ, ಕಾವ್ಯದಿಂದಲೂ ಬಂದದ್ದಲ್ಲ. ಮರಾಠಿಯಲ್ಲಿ ಖೋಡಿ ಅಂದರೆ ಮಾಡಿದ ಚೇಷ್ಟೆ, ಮಾಡಿದವನು ಖೋಡಕರ. ನಾವು ಚೇಷ್ಟೆಯ ಹೆಸರನ್ನೇ ಹುಡುಗನಿಗೆ ಇಟ್ಟು ಕರೆಯುವುದನ್ನು ರೂಢಿ ಮಾಡಿಕೊಂಡೆವು. ಮಾಡಿಕೊಂಡು ಅದಕ್ಕೆ ಮುದ್ದನ್ನೂ ತುಂಬಿದೆವು. ಕೆಟ್ಟ ಮಾತಿನಲ್ಲಿ ಮಕ್ಕಳನ್ನು ಮುದ್ದಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಾಲು ಕುಡಿದು ನಗುವ ಕೂಸಿಗೆ ‘ಎಲಾ ಕಳ್ಳಾ’ ಅನ್ನುತ್ತೇವೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಅಂತ ಹೆಸರಿಟ್ಟರು. ಹುಚ್ಚಪ್ಪ, ಕಲ್ಲಪ್ಪ ಅಂದರು. ಚಂದ ಅಂದರೆ ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ. ಜಾಣ ಅನ್ನಬೇಕಾದ ಕಡೆ ಖೋಡಿ ಅಂದದ್ದರಲ್ಲೂ ಆ ಅಂಜಿಕೆಯ ಎಳೆ ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮ ಆಯಿ ನನ್ನನ್ನು ಒಂದು ದಿನವೂ ಜಾಣ ಅಂದವಳಲ್ಲ. ಖೋಡಿ ಅಂದದ್ದಕ್ಕೆ ಲೆಕ್ಕವಿಲ್ಲ.

ಖೋಡಿಯ ಆ ಎರಡನೆಯ ಬರುವಿಕೆಯನ್ನು ನಾನು ಕಿವಿಯಾರೆ ಕೇಳಿಕೊಂಡೇ ಬೆಳೆದೆ, ಆಗ ಗೊತ್ತಾಗಿರಲಿಲ್ಲ ಅಷ್ಟೇ. ಧಾರವಾಡದ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿ ಮರಾಠಿ ಮಾತಾಡುವ ಅಜ್ಜಿ ಇದ್ದರು. ಅವರ ಮೊಮ್ಮಗನಿಗೂ ನನಗೂ ಒಂದೇ ವಯಸ್ಸು, ಹಿತ್ತಲೂ ಒಂದೇ. ಸಂಜೆ ಹೊತ್ತು ಅವರು ತಮ್ಮ ಬಾಗಿಲಲ್ಲಿ ನಿಂತು ‘ಖೋಡ್ಯಾ ಕಾಢೂ ನಕೋಸ ರೇ’ (ಕಿತಾಪತಿ ಮಾಡಬ್ಯಾಡೋ) ಅಂತ ಕೂಗುತ್ತಿದ್ದರು. ನಮ್ಮ ಆಯಿ ಇತ್ತ ಬಾಗಿಲಲ್ಲಿ ನಿಂತು ‘ಬಾರಲೇ ಖೋಡಿ, ಉಣ್ಣಾಕ’ ಅನ್ನುತ್ತಿದ್ದಳು. ಯಾರು ಮೊದಲು ಕೂಗಿದರೂ ಪೇರಲ ಗಿಡದ ಮೇಲಿಂದ ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡುತ್ತಿದ್ದೆವು.